ಸಹಾಯ ಬೇಕು: 2024ರ ಹಳೇ ಸ್ಟಾಕಿನ ಹಂಟರ್ ಬೈಕ್ ತಗೋಬಹುದಾ? ನನ್ನ ಎತ್ತರ 5 ಅಡಿ 1 ಇಂಚು

ದಾವಣಗೆರೆಯ ಅಣ್ಣಂದಿರೇ, ಅಕ್ಕಂದಿರೇ, ಇಲ್ಲಿನ ಶೋರೂಮ್ ಒಂದರಲ್ಲಿ 2024ರ ರಾಯಲ್ ಎನ್‌ಫೀಲ್ಡ್ ಹಂಟರ್ 350 ಮಾರಾಟವಾಗದೆ ನಿಂತಿದೆ. ರಿಜಿಸ್ಟ್ರೇಷನ್ ಆಗಿಲ್ಲ, ಹೊಸದೇ. ರೇಟ್ ಇಳಿಸ್ತೀವಿ ಅಂತಾರೆ, ಎಷ್ಟು ಅಂತ ಬಾಯಿ ಬಿಡ್ತಿಲ್ಲ.

ತೋಟದ ದಾರೀಲಿ ಅಣ್ಣನ ಸ್ಪ್ಲೆಂಡರ್ ಓಡಿಸಿದ್ದು ಬಿಟ್ರೆ ನಾನು ರೋಡಿಗೆ ಇಳಿದವಳಲ್ಲ. ಇನ್ಮುಂದೆ ದಿನಾ ಹರಿಹರಕ್ಕೆ ಹೋಗಿಬರಬೇಕು. ಸೀಟ್ ಎತ್ತರ 790 ಮಿ.ಮೀ., ಕೂತರೆ ಕಾಲ್ಬೆರಳಷ್ಟೇ ನೆಲಕ್ಕೆ ತಾಗುತ್ತೆ. ಅದು ಹೇಗೋ ನಡೆದೀತು, ಆದ್ರೆ 181 ಕೆಜಿ ಭಾರ! ಸಿಗ್ನಲ್‌ನಲ್ಲಿ ವಾಲಿದ್ರೆ ಹಿಡಿಯೋಕಾಗುತ್ತಾ? ಸೀಟಿನ ಫೋಮ್ ಕಡಿಮೆ ಮಾಡಿಸಿದವರು ಇದ್ದೀರಾ? (ಬಜಾಜ್ ಅವೆಂಜರ್ ಬೈಕಿನ ಸೀಟ್ 737 ಮಿ.ಮೀ. ಅಂತೆ, ಅದರ ಉದ್ದ ನೋಡಿದ್ರೇ ಭಯ.)

2025ರ ಹಂಟರ್‌ಗೆ ಒತ್ತೋಕೆ ಹಗುರಾದ ಕ್ಲಚ್ ಬಂದಿದೆ, ಇದಕ್ಕಿಲ್ಲ. ಟೈರ್ ಮೇಲೆ 1424, ಅಂದ್ರೆ 2024ರ 14ನೇ ವಾರದ್ದು. ಇಷ್ಟು ದಿನ ನಿಂತಿದೆಯಲ್ಲ, ಹೊಸ ಬ್ಯಾಟರಿ ಹಾಕಿಕೊಡಿ ಅಂತ ಕೇಳಬಹುದಾ? ಆರ್‌ಸಿಯಲ್ಲಿ ತಯಾರಾದ ತಿಂಗಳೇ ಇರುತ್ತಲ್ಲ, ಮುಂದೆ ಮಾರುವಾಗ ಹೊಡೆತ. ಅದಕ್ಕೆ ಎಷ್ಟು ಕಡಿಮೆ ಮಾಡಿಸಲಿ?