ಅಪ್‌ಡೇಟ್: ನ್ಯೂಯಾರ್ಕಿನಲ್ಲಿ ಕಡಿಮೆ ಖರ್ಚಿನ ಊಟದ ಸುತ್ತಾಟ

ನ್ಯೂಯಾರ್ಕಿನಲ್ಲಿ ಬೇರೆ ಬೇರೆ ದೇಶದವರು ನೆಲೆಸಿರುವ ಬಡಾವಣೆಗಳನ್ನು ಕಡಿಮೆ ಖರ್ಚಿನಲ್ಲಿ ನೋಡುವುದು ಹೇಗೆ ಎಂದು ಕೇಳಿದ್ದೆ. ಮೊನ್ನೆ ಮರಳಿ ಬಂದೆ.

7ನೇ ಸಂಖ್ಯೆಯ ಸಬ್‌ವೇ (ಅಲ್ಲಿನ ಮೆಟ್ರೋ) ರೈಲು ಹಿಡಿಯಲು ಹೇಳಿದವರಿಗೆ ದೊಡ್ಡ ನಮಸ್ಕಾರ. ಪ್ರವಾಸದ ಜೀವವೇ ಅದಾಯಿತು. ಜಾಕ್ಸನ್ ಹೈಟ್ಸ್‌ನಲ್ಲಿ ಇಳಿದರೆ ರೂಸ್‌ವೆಲ್ಟ್ ಅವೆನ್ಯೂ ಉದ್ದಕ್ಕೂ ತಲೆಯ ಮೇಲೆ ರೈಲಿನ ಸದ್ದು, ಕೆಳಗೆ ಟಿಬೆಟಿನ ಮೋಮೋ, ಬಾಂಗ್ಲಾದೇಶದ ತಿಂಡಿ, ಕೊಲಂಬಿಯಾದ ಅರೇಪಾ ಎಂಬ ಮೆಕ್ಕೆಜೋಳದ ರೊಟ್ಟಿ. ಒಂದೇ ಕಡೆ ಹೊಟ್ಟೆ ತುಂಬಿಸಿಕೊಳ್ಳದೆ, ಇಬ್ಬರು ಒಂದೊಂದು ತಟ್ಟೆ ಹಂಚಿಕೊಂಡು ಮುಂದೆ ಸಾಗಿದೆವು. ಕೈಯಲ್ಲಿ ಚಿಲ್ಲರೆ ನಗದು ಇರಲಿ. ಎಲ್ಲ ತಿಂಡಿ ಗಾಡಿಗಳಲ್ಲೂ ಕಾರ್ಡ್ ನಡೆಯುವುದಿಲ್ಲ.

ಕೊನೆಯ ನಿಲ್ದಾಣ ಫ್ಲಶಿಂಗ್. ಚೀನೀ ಅಂಗಡಿಗಳ ನಡುವೆ ನಡೆದು ಗಣೇಶ ದೇವಸ್ಥಾನ ತಲುಪಿದೆವು. ಅದರ ಕೆಳಮಹಡಿಯ ಕ್ಯಾಂಟೀನಿನಲ್ಲಿ ಬಿಸಿ ದೋಸೆ! ಅಷ್ಟು ದೂರದಲ್ಲಿ ಸಾಂಬಾರಿನ ಪರಿಮಳ ಮೂಗಿಗೆ ಬಡಿದಾಗ ಕಣ್ಣು ತುಂಬಿ ಬಂತು.

ಮ್ಯಾನ್‌ಹಟನ್ನಿನ ಲಿಟಲ್ ಇಟಲಿಯ ಸಲಹೆ ಮಾತ್ರ ನಮಗೆ ಒಗ್ಗಲಿಲ್ಲ. ಪ್ರವಾಸಿಗರ ನೂಕುನುಗ್ಗಲು, ದುಬಾರಿ ಬೆಲೆ. ಅದರ ಬದಲು ಇಟಲಿಯವರ ಇನ್ನೊಂದು ಬಡಾವಣೆಯಾದ ಬ್ರಾಂಕ್ಸ್‌ನ ಆರ್ಥರ್ ಅವೆನ್ಯೂಗೆ ಹೋಗಿದ್ದರೆ ಚೆನ್ನಾಗಿತ್ತೇನೋ, ಸಮಯ ಸಾಲಲಿಲ್ಲ.

ನನಗೆ ಮೊದಲು ಗೊತ್ತಿಲ್ಲದಿದ್ದ ಸಂಗತಿಯೊಂದು: ಏಳು ದಿನಗಳಲ್ಲಿ 12 ಬಾರಿ ಹಣ ಕೊಟ್ಟು ಪ್ರಯಾಣಿಸಿದ ಮೇಲೆ ಸಬ್‌ವೇ, ಸ್ಥಳೀಯ ಬಸ್ ಉಚಿತ. ಆದರೆ ಪ್ರತಿಸಲವೂ ಅದೇ ಕಾರ್ಡನ್ನೋ ಅದೇ ಮೊಬೈಲನ್ನೋ ತಾಗಿಸಬೇಕು. ನಾನು ಎರಡನ್ನೂ ಬದಲಾಯಿಸುತ್ತಾ ಬಳಸಿದ್ದರಿಂದ ಲೆಕ್ಕ ಎರಡು ಪಾಲಾಯಿತು.