ರೋಡ್ಸ್ ಸಿಗದ ದೊರೆಗೆ ಮುತ್ತಿಗೆಯ ಬಿರುದೇ?

ಪ್ರಶ್ನೆ:
ಮ್ಯಾಸಿಡೋನಿಯದ ಡಿಮೆಟ್ರಿಯಸ್‌ಗೆ ‘ಪೋಲಿಯೋರ್ಕೆಟೀಸ್’, ಅಂದರೆ ನಗರಗಳಿಗೆ ಮುತ್ತಿಗೆ ಹಾಕುವವನು ಎಂಬ ಬಿರುದಿದೆ. ಆದರೆ ಅವನ ಅತಿ ಪ್ರಸಿದ್ಧ ಮುತ್ತಿಗೆಯೇ ಕೈಗೂಡಲಿಲ್ಲ. ಕ್ರಿ.ಪೂ. 305ರಲ್ಲಿ ರೋಡ್ಸ್ ನಗರವನ್ನು ಸುತ್ತುವರಿದು, ವರ್ಷವಿಡೀ ಹೆಣಗಿ, ಕೊನೆಗೆ ಒಪ್ಪಂದ ಮಾಡಿಕೊಂಡು ಹೊರಟುಹೋದ. ಇದು ಬಿರುದೋ, ಅಣಕವೋ?

ಉತ್ತರ 1:
ಮುತ್ತಿಗೆ ಹಾಕುವವನು ಎಂದರೆ ಗೆಲ್ಲುವವನು ಎಂದಾಗಬೇಕಿಲ್ಲವಲ್ಲ! ಗೆದ್ದದ್ದೂ ಉಂಟು: ಕ್ರಿ.ಪೂ. 307ರಲ್ಲಿ ಅಥೆನ್ಸಿನ ಮ್ಯೂನಿಕಿಯಾ ಕೋಟೆ, ಮರುವರ್ಷ ಸೈಪ್ರಸ್‌ನ ಸಲಾಮಿಸ್.

ಉತ್ತರ 2:
ಈ ಮನುಷ್ಯನ ಮೇಲೆ ನನಗೆ ಹಳೆಯ ಸಿಟ್ಟಿದೆ, ಮೋಹವೂ ಇದೆ. ರೋಡ್ಸ್‌ನ ಗೋಡೆಗೆದುರಾಗಿ ಅವನು ನಿಲ್ಲಿಸಿದ ‘ಹೆಲೆಪೊಲಿಸ್’ ಗೋಪುರವನ್ನೇ ನೋಡಿ. ಒಂಬತ್ತು ಅಂತಸ್ತು, ಎಂಟು ಚಕ್ರ, ಮೂರು ಬದಿಗೆ ಕಬ್ಬಿಣದ ತಗಡು. ತಳ್ಳಲು ಮೂರು ಸಾವಿರಕ್ಕೂ ಹೆಚ್ಚು ಆಳು. ರೋಡ್ಸ್‌ನವರು ಕಲ್ಲೆಸೆದು ತಗಡು ಉದುರಿಸಿದರು, ಒಳಗಿನ ಮರಕ್ಕೆ ಬೆಂಕಿಬಾಣ ಬಿಟ್ಟರು. ಅವನು ಬಿಟ್ಟುಹೋದ ಸಾಮಗ್ರಿಯನ್ನು ಮಾರಿ, ಆ ಹಣದಲ್ಲಿ ಸೂರ್ಯದೇವನ ಮಹಾಪ್ರತಿಮೆ ನಿಲ್ಲಿಸಿದರು. ಸೋತವನ ಖರ್ಚಿನಲ್ಲಿ ಗೆದ್ದವರ ಸ್ಮಾರಕ!

ಆದರೆ ನನ್ನ ಸಿಟ್ಟು ರೋಡ್ಸ್‌ಗಾಗಿ ಅಲ್ಲ, ಇಪ್ಸಸ್‌ಗಾಗಿ. ಕ್ರಿ.ಪೂ. 301ರ ಆ ಕಾಳಗದಲ್ಲಿ ಅವನ ಕುದುರೆ ದಂಡು ಎದುರಾಳಿ ದೊರೆ ಸೆಲ್ಯೂಕಸ್‌ನ ಮಗ ಆಂಟಿಯೋಕಸ್‌ನನ್ನು ಓಡಿಸಿತು. ಅಲ್ಲಿಗೆ ನಿಂತಿದ್ದರೆ ಸಾಕಿತ್ತು. ಬೆನ್ನಟ್ಟುತ್ತಲೇ ಹೋದ, ತಿರುಗಿ ನೋಡುವಾಗ ನಡುವೆ ಸೆಲ್ಯೂಕಸ್‌ನ ಆನೆಗಳ ಸಾಲು. ಆಚೆ ಕಡೆ, ಎಂಬತ್ತು ದಾಟಿದ ತಂದೆ ಆಂಟಿಗೋನಸ್, ಮಗ ಬಂದು ಕಾಪಾಡುತ್ತಾನೆಂದು ಕಾಯುತ್ತಲೇ ಈಟಿಗಳಿಗೆ ಬಲಿಯಾದ.

ಪ್ರಶ್ನಿಸಿದವರು:
ಆ ಆನೆಗಳು ಚಂದ್ರಗುಪ್ತ ಮೌರ್ಯ ಕೊಟ್ಟವೇ?

ಉತ್ತರ 2:
ಹೌದು. ಸಿಂಧೂ ಕಡೆಯ ಸೀಮೆ ಬಿಟ್ಟುಕೊಟ್ಟು ಸೆಲ್ಯೂಕಸ್ ಪಡೆದ 500 ಆನೆಗಳ ಪೈಕಿಯವೇ.

ಉತ್ತರ 3:
ಆಡಳಿತವೂ ಹಾಗೇ ಅಲ್ಲವೇ? ಕ್ರಿ.ಪೂ. 294ರಲ್ಲಿ ಮ್ಯಾಸಿಡೋನಿಯದ ಸಿಂಹಾಸನ ಸಿಕ್ಕಿತು. ಒಮ್ಮೆ ಪ್ರಜೆಗಳ ಅರ್ಜಿಗಳನ್ನೆಲ್ಲ ನಗುಮುಖದಿಂದ ಮೇಲುಹೊದಿಕೆಯ ಮಡಿಲಲ್ಲಿ ತುಂಬಿಕೊಂಡ. ಆಕ್ಸಿಯಸ್ ನದಿಯ ಸೇತುವೆಯ ಮೇಲೆ ಮಡಿಲು ಕೊಡವಿ ನೀರಿಗೆ ಸುರಿದ ಎಂದು ಅವನ ಜೀವನಚರಿತ್ರೆ ಬರೆದ ಗ್ರೀಕ್ ಲೇಖಕ ಪ್ಲೂಟಾರ್ಕ್ ಹೇಳುತ್ತಾನೆ. ಆರೇ ವರ್ಷಕ್ಕೆ ಸೈನಿಕರೇ ಎದುರಾಳಿಯಾದ ಎಪಿರಸ್‌ನ ದೊರೆ ಪಿರಸ್‌ನ ಕಡೆಗೆ ಹೋದರು.

ಉತ್ತರ 2:
ಅವನ ಮೇಲುಹೊದಿಕೆಗಳ ಕಥೆಯೂ ಪ್ಲೂಟಾರ್ಕ್‌ನಲ್ಲೇ ಇದೆ. ನಕ್ಷತ್ರಗಳನ್ನು ಹೆಣೆದ ಒಂದು ಬಹುಕಾಲ ಮಗ್ಗದ ಮೇಲಿತ್ತು. ನೇಯ್ಗೆ ಮುಗಿಯುವ ಮೊದಲೇ ಪಟ್ಟ ಹೋಯಿತು; ಅವನು ಸೆಲ್ಯೂಕಸ್‌ನ ಸೆರೆಯಲ್ಲಿ ಕುಡಿತ, ಪಗಡೆಗಳಲ್ಲಿ ದಿನ ಕಳೆದು ಕ್ರಿ.ಪೂ. 283ರ ಹೊತ್ತಿಗೆ ಸತ್ತ. ಮುಂದೆ ಬಂದ ಯಾವ ದೊರೆಯೂ ಅದನ್ನು ಹೊದೆಯಲಿಲ್ಲವಂತೆ.