ಶುಭ ಶುಕ್ರವಾರದ ಆರಾಧನೆಗೆ ತಬಲಾ, ತಾಳ ಬೇಡ್ವಾ?

ಧಾರವಾಡದವ:
ಎಲ್ಲರಿಗೂ ವಂದನೆಗಳು. ನಮ್ಮದು ಯುರೋಪಿನಿಂದ ಬಂದ ಪ್ರಾಟೆಸ್ಟಂಟ್ ಮಿಶನರಿಗಳ ಬಾಸೆಲ್ ಮಿಶನ್ ಕಾಲದ ಸಭೆ, ಅಂದರೆ ಚರ್ಚ್. ಈ ಸಲ ಶುಭ ಶುಕ್ರವಾರ, ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ನಡುನಡುವೆ ಒಂದೊಂದು ಪದ ಹಾಡೋಣ ಅಂತ ನಾವು ಯೌವನಸ್ಥರು ಅಂದುಕೊಂಡಿದ್ದೇವೆ. ಜಮಖಾನೆ ಹಾಸಿ, ಕೆಳಗೆ ಕೂತು, ಹಾರ್ಮೋನಿಯಂ, ತಬಲಾ, ತಾಳ ಇಟ್ಟುಕೊಂಡು. ಎರಡು ವಾರದಿಂದ ಪ್ರಾಕ್ಟೀಸ್ ನಡೆಯುತ್ತಿದೆ. ಮೊನ್ನೆ ಮೀಟಿಂಗ್‌ನಲ್ಲಿ ಒಬ್ಬ ಹಿರಿಯರು ಎದ್ದು ನಿಂತು, "ಇದು ಭಜನಾ ಮಂದಿರ ಅಲ್ಲಪ್ಪ, ನಮ್ಮ ಮುತ್ತಜ್ಜ ಅದನ್ನೆಲ್ಲ ಬಿಟ್ಟು ಬಂದವರು" ಅಂದರು. ಹೇಳುವಾಗ ಅವರ ದನಿ ನಡುಗುತ್ತಿತ್ತು, ಹಾಗಾಗಿ ಹಳೇ ಕಾಲದವರು ಅಂತ ಸುಮ್ನೆ ತಳ್ಳಿಹಾಕೋಕೆ ನನಗೆ ಮನಸ್ಸಿಲ್ಲ. ನಿಮ್ಮ ಸಭೆಗಳಲ್ಲಿ ಹೇಗೆ?

ಕುಡ್ಲದ ಅಕ್ಕ:
ತಮ್ಮಾ, ಮಿಶನರಿಗಳೇ ಈ ಕೆಲಸ ಆಗಲೇ ಶುರು ಮಾಡಿದ್ದರು. ನಿಘಂಟಿನ ಕಿಟ್ಟೆಲ್ 1862ರಲ್ಲೇ ಯೇಸುವಿನ ಕಥೆಯನ್ನು ಕನ್ನಡ ಪದ್ಯದಲ್ಲಿ, ನಮ್ಮದೇ ಛಂದಸ್ಸಿನಲ್ಲಿ ಬರೆದು 'ಕಥಾಮಾಲೆ' ಅಂತ ಅಚ್ಚು ಹಾಕಿಸಿದರು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ತಂದ ಮೋಗ್ಲಿಂಗ್ ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಮಾಡಿಸಿದರು. ಆದರೂ ಭಾನುವಾರ ನಾವು ಹಾಡಿದ್ದು ಜಾಸ್ತಿ ಜರ್ಮನ್ ರಾಗಗಳನ್ನೇ. ಅವೂ ನಮ್ಮವೇ ಆಗಿಬಿಟ್ಟಿವೆ, ಅಮ್ಮ ತೀರಿಕೊಂಡ ರಾತ್ರಿ ನಮ್ಮ ಬಾಯಿಗೆ ಬಂದದ್ದು ಅದೇ ಹಾಡು. ಇನ್ನೊಂದು ಮಾತು, ಹಾರ್ಮೋನಿಯಂ ಹುಟ್ಟಿದ್ದು ಯುರೋಪಿನಲ್ಲಿ. ಅದನ್ನು ಹಿಂದೂ ವಾದ್ಯ ಅನ್ನುವುದು ಸರಿಯಲ್ಲ. ಬೈಬಲಿನ 150ನೇ ಕೀರ್ತನೆ ಓದಿ, ದಮ್ಮಡಿ, ತಾಳ ಎರಡೂ ಅಲ್ಲಿವೆ.

ಬೆಂಗಳೂರು ಕಥೋಲಿಕ:
ನಮ್ಮಲ್ಲಿ ಈ ಚರ್ಚೆ ದೊಡ್ಡದಾಗಿಯೇ ನಡೆದಿದೆ. ಕಥೋಲಿಕ ಬಿಷಪ್‌ಗಳ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ, 1969ರಲ್ಲಿ, ಭಾರತದ ಬಲಿಪೂಜೆಗೆ ಹನ್ನೆರಡು ಬದಲಾವಣೆಗಳಿಗೆ ರೋಮ್ ಒಪ್ಪಿಗೆ ಕೊಟ್ಟಿತು. ಕೈ ಮುಗಿಯುವುದು, ಕೆಳಗೆ ಕೂರುವುದು, ಆರತಿ, ಹೀಗೆ. ಆಗಲೂ ಇದೇ ಸಿಟ್ಟು, ಇದೇ ಅಳು. ನಾನು ಚಿಕ್ಕವನಿದ್ದಾಗ ಪೂಜೆಯಲ್ಲಿ ಮೊದಲ ಸಲ ಆರತಿ ನೋಡಿ ನಮ್ಮಜ್ಜಿ ಎದ್ದು ಹೊರಗೆ ಹೋಗಿದ್ದರು. ಬದಲಾಯಿಸುವ ಮೊದಲು ಜನರಿಗೆ ಕೂರಿಸಿ ಹೇಳಬೇಕಿತ್ತು.

ಕೋಲಾರದ ಮಗ:
ನಾನು ಬೇರೆ ಕಡೆಯಿಂದ ಹೇಳ್ತೀನಿ. ನಮ್ಮ ತಾತ ತಮಟೆ ಬಡಿಯುತ್ತಿದ್ದವರು. ಊರ ಹಬ್ಬಕ್ಕೂ ಸಾವಿಗೂ ಅವರೇ ಬೇಕು, ಆದರೆ ಕೂಲಿ ದುಡ್ಡನ್ನು ಮುಟ್ಟಿಸಿಕೊಳ್ಳದ ಹಾಗೆ ದೂರದಿಂದ ಎಸೆಯುತ್ತಿದ್ದರು. ಯೇಸುವನ್ನು ನಂಬಿದ ಮೇಲೆ ಅವರು ಮೊದಲು ಕೈಬಿಟ್ಟದ್ದು ತಮಟೆಯನ್ನು. ಹಾಗಾಗಿ ನಿಮ್ಮ ಹಿರಿಯರ ದನಿ ಯಾಕೆ ನಡುಗಿತು ಅಂತ ನನಗೆ ಗೊತ್ತಾಗುತ್ತೆ. 'ಬಿಟ್ಟು ಬಂದದ್ದು' ಅಂದರೆ ಬರೀ ರಾಗ, ತಾಳ ಅಲ್ಲ, ಅವಮಾನವೂ ಇರಬಹುದು.

ಭಾರತೀಯ ಸಂಸ್ಕೃತಿ ಅಂದ ತಕ್ಷಣ ವೀಣೆ, ದೀಪ, ಸಂಸ್ಕೃತ ಶ್ಲೋಕ ಬರುತ್ತವೆ, ಕೇರಿಯ ಹಾಡು ಬರೋದೇ ಇಲ್ಲ. 80ರ ದಶಕದ ಆರಂಭದಲ್ಲಿ ದಲಿತ ದೇವಶಾಸ್ತ್ರಜ್ಞ ಅರವಿಂದ ನಿರ್ಮಲ್ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಇದನ್ನೇ ಎತ್ತಿದರು. ಸಭೆಯಲ್ಲಿ ದಲಿತರೇ ಜಾಸ್ತಿ ಇರುವಾಗ ನಮ್ಮ ದೇವಶಾಸ್ತ್ರ ಮಾತ್ರ ಯಾಕೆ ಬ್ರಾಹ್ಮಣ ಪರಂಪರೆಯ ಜೊತೆಗೇ ಮಾತಾಡುತ್ತದೆ ಅಂತ.

ಹೋದ ಕ್ರಿಸ್ಮಸ್‌ಗೆ ನಮ್ಮ ಹುಡುಗರು ತಮಟೆ ತಂದರು. ದೇವಾಲಯದ ಕಾಂಪೌಂಡ್‌ನಲ್ಲೇ ಒಣಹುಲ್ಲಿಗೆ ಬೆಂಕಿ ಹಚ್ಚಿ, ತಮಟೆಯನ್ನು ತಿರುಗಿಸಿ ತಿರುಗಿಸಿ ಕಾಯಿಸಿದರು. ಚರ್ಮ ಬಿಗಿಯಾಗಿ ದನಿ ಟಣ್ ಅಂತ ಏರಿತು. ನಮ್ಮಪ್ಪ ಮೊದಲು ಮುಖ ತಿರುಗಿಸಿಕೊಂಡರು. ಆಮೇಲೆ ಎದ್ದು ಹೋಗಿ, ಒಬ್ಬ ಹುಡುಗನ ಕೈಯಿಂದ ಕಡ್ಡಿ ತಗೊಂಡು, ಹೀಗಲ್ಲ ಕಣೋ ಹೀಗೆ ಅಂತ ತೋರಿಸಿದರು.

ಧಾರವಾಡದವ:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಆ ಹಿರಿಯರ ಮನೆಗೆ ಹೋಗಿದ್ದೆ. ಪದಗಳನ್ನು ಓದಿಸಿ ಕೇಳಿದರು. ಮೂರನೇ ಮಾತಿನ ಪದ, ತಾಯಿಯನ್ನು ಶಿಷ್ಯನಿಗೆ ಒಪ್ಪಿಸುವುದು, ಅದನ್ನು ಎರಡು ಸಲ ಓದಿಸಿದರು. ತಬಲಾಕ್ಕೆ ಇನ್ನೂ ಒಪ್ಪಿಲ್ಲ, ಶನಿವಾರ ಪ್ರಾಕ್ಟೀಸ್‌ಗೆ ಬಂದು ಕೂತು ಕೇಳ್ತೀನಿ ಅಂದಿದ್ದಾರೆ. ಸಭೆಯ ಸಂಗೀತ ಪುಸ್ತಕದ ಒಂದು ಹಳೇ ಹಾಡನ್ನೂ ಇಡಿ ಅಂದರು, ಇಡುತ್ತೇವೆ.

ಕೋಲಾರದ ಅಣ್ಣಾ, ತಮಟೆಗೆ ನಮ್ಮ ಕಡೆ ಹಲಗೆ ಅಂತಾರೆ. ಬಾರಿಸಬಲ್ಲವರು ನಮ್ಮ ಸಭೆಯಲ್ಲೇ ಮೂರು ಜನ ಇದ್ದಾರೆ, ಇಷ್ಟು ವರ್ಷ ನಾವು ಯಾರೂ ಅವರನ್ನು ಕೇಳಿಲ್ಲ. ಈಸ್ಟರ್ ಬೆಳಗಿನ ಆರಾಧನೆಗೆ ಬಾರಿಸ್ತೀರಾ ಅಂತ ನಾನೇ ಹೋಗಿ ಕೇಳುತ್ತೇನೆ.